ಹೋಟೆಲಿನ ಹಳೆ ತಿಜೋರಿ: ಬಣ್ಣಕ್ಕಿಂತ ಮೊದಲು ಬೀಗ

ಮುಲುಂಡ್, ಮುಂಬಯಿ: ಅನುಭವ ಇದ್ದವರು ಹೇಳಿ

ಹೋಟೆಲಿನ ಗಲ್ಲೆಯ ಹಿಂದೆ ಇದ್ದ ಹಳೆ ಕಬ್ಬಿಣದ ತಿಜೋರಿ ಮನೆಗೆ ಬಂದಿದೆ. ಎತ್ತರ ಮೂರೂವರೆ ಅಡಿ, ಅಗಲ ಮತ್ತು ಆಳ ಎರಡೆರಡು ಅಡಿ. ಬೀಗದ ಕೈ ಒಂದೇ ಇದೆ. ತಿರುಗುತ್ತದೆ, ಆದರೆ ತುಂಬ ಬಿಗಿ. ಮೈಮೇಲೆ ನಾಲ್ಕೈದು ಪದರ ಬಣ್ಣ, ತಳದಲ್ಲಿ ತುಕ್ಕು. ಒಳಗಿನ ಮೂಲೆಯಿಂದ ಬಿಳಿ ಪುಡಿ ಉದುರುತ್ತಿದೆ. ಸ್ಯಾಂಡ್‌ಬ್ಲಾಸ್ಟಿಂಗ್ (ಗಾಳಿಯ ರಭಸದಲ್ಲಿ ಮರಳು ಹೊಡೆದು ಹಳೆ ಬಣ್ಣ ತೆಗೆಯುವುದು) ಮಾಡಿಸಿ ಹೊಸ ಬಣ್ಣ ಹೊಡೆಸಿ ಎಂದು ಒಬ್ಬರು ಹೇಳಿದರು. ಮನೆಯಲ್ಲೇ ಮಾಡುವುದಾದರೆ ಎಲ್ಲಿಂದ ಶುರು ಮಾಡಲಿ?

ಮಾಟುಂಗಾದಿಂದ:

ಬಣ್ಣದ ಡಬ್ಬಿ ಆಮೇಲೆ ತನ್ನಿ, ಮೊದಲು ಬೀಗ ನೋಡಿ. ಕೈ ಬಿಗಿ ಇದೆ ಎಂದು ಇಕ್ಕಳ ಹಾಕಿ ತಿರುಗಿಸಲೇಬೇಡಿ. ಮುಚ್ಚಿದ ತಿಜೋರಿಯ ಬೀಗದೊಳಗೆ ಬೀಗದ ಕೈ ಮುರಿದರೆ ಆಮೇಲೆ ಹೆಚ್ಚಾಗಿ ಡ್ರಿಲ್ಲೇ ದಾರಿ, ಅಲ್ಲಿಗೆ ಆ ಬಾಗಿಲಿನ ಕಥೆ ಮುಗಿಯಿತು. ಕೆಲಸ ಮುಗಿಯುವ ತನಕ ಬಾಗಿಲು ತೆರೆದೇ ಇರಲಿ. ಮಕ್ಕಳು ದೂಡದ ಹಾಗೆ ಬಿಜಾಗರಿಯ ಕಡೆ ಒಂದು ಮರದ ತುಂಡು ಸಿಕ್ಕಿಸಿಡಿ.

ಬಾಗಿಲಿನ ಒಳಬದಿಯ ತಗಡು ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಪ್ರತಿ ಸ್ಕ್ರೂಗೆ ಎರಡು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಸ್ಕ್ರೂಡ್ರೈವರಿನ ತುದಿ ಸ್ಕ್ರೂ ತಲೆಯ ಸೀಳಿನಷ್ಟೇ ಅಗಲ ಇರಬೇಕು, ಇಲ್ಲದಿದ್ದರೆ ಸೀಳು ಕಿತ್ತು ಹೋಗುತ್ತದೆ. ತೆಗೆಯುವ ಮೊದಲು ರಟ್ಟಿನ ಮೇಲೆ ತಗಡಿನ ಚಿತ್ರ ಬರೆದುಕೊಂಡು, ಒಂದೊಂದು ಸ್ಕ್ರೂವನ್ನೂ ಅದರದೇ ಜಾಗದಲ್ಲಿ ಚುಚ್ಚಿಡಿ. ಅವುಗಳ ಉದ್ದ ಒಂದೇ ಇರುವುದಿಲ್ಲ. ಗಿಡ್ಡ ಸ್ಕ್ರೂ ಇದ್ದ ತೂತಿಗೆ ಉದ್ದದ್ದು ಹೋದರೆ ಅದರ ತುದಿ ಒಳಗಿನ ಲಿವರನ್ನು (ಬೀಗದ ಕೈ ತಿರುಗಿದಾಗ ಏಳುವ ಪಟ್ಟಿ) ಒತ್ತಿ ಹಿಡಿಯುತ್ತದೆ. ಬೀಗ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ.

ಬೀಗದ ಪೆಟ್ಟಿಗೆಯೊಳಗೆ ಹಿತ್ತಾಳೆಯ ಲಿವರುಗಳು ಒಂದರ ಮೇಲೊಂದು ಕೂತಿರುತ್ತವೆ, ಪ್ರತಿಯೊಂದಕ್ಕೂ ಒಂದು ಸ್ಪ್ರಿಂಗ್. ಒಂದೊಂದು ತೆಗೆದಾಗಲೂ ಫೋಟೋ ತೆಗೆಯಿರಿ. ಅದೇ ಕ್ರಮದಲ್ಲಿ, ಅದೇ ಮುಖ ಮೇಲಾಗಿ ತಂತಿಗೆ ಪೋಣಿಸಿಡಿ. ಬಿಗಿಯಾಗಲು ಕಾರಣ ಹೆಚ್ಚಾಗಿ ಸವೆತವಲ್ಲ. ವರ್ಷಗಟ್ಟಲೆ ಹಾಕಿದ ತೆಂಗಿನೆಣ್ಣೆ, ಮಷಿನ್ ಎಣ್ಣೆ ಧೂಳಿನ ಜತೆ ಸೇರಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿರುತ್ತದೆ. ಟರ್ಪೆಂಟೈನಿನಲ್ಲಿ ಅದ್ದಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದರೆ ಸಾಕು. ಅರವಾಗಲಿ ಎಮರಿ ಪೇಪರಾಗಲಿ ಲಿವರಿಗೆ ತಾಗಲೇಬಾರದು. ಕೂದಲೆಳೆಯಷ್ಟು ಲೋಹ ಹೋದರೂ ಬೀಗದ ಕೈಯ ಹಲ್ಲಿಗೆ ಅದು ಸರಿಯಾಗಿ ಏಳುವುದಿಲ್ಲ. ಒಣಗಿದ ಮೇಲೆ ಲಿವರುಗಳಿಗೆ ಒಂದು ಚಿಟಿಕೆ ಗ್ರಾಫೈಟ್ ಪುಡಿ ಮಾತ್ರ. ಗ್ರೀಸ್ ಬೇಕಿರುವುದು ದಪ್ಪ ಬೋಲ್ಟುಗಳು ಜಾರುವ ಜಾಗಕ್ಕೆ, ಅದೂ ತೆಳ್ಳಗೆ.

ಜೋಡಿಸಿದ ಮೇಲೆ, ಬಾಗಿಲು ತೆರೆದಿಟ್ಟುಕೊಂಡೇ, ಇಪ್ಪತ್ತು ಸಲ ಬೀಗ ಹಾಕಿ ತೆಗೆಯಿರಿ. ಎರಡನೇ ಕೈಯನ್ನೂ ಈಗಲೇ ಮಾಡಿಸಿ ಅದೇ ರೀತಿ ಪರೀಕ್ಷಿಸಿ. ಅದಾದ ಮೇಲೆ ಬಾಗಿಲು ಹಾಕಬಹುದು.

ಪುಣೆಯಿಂದ:

ಆ ಬಿಳಿ ಪುಡಿ ಸಣ್ಣ ವಿಷಯ ಅಲ್ಲರೀ. ಹಳೆ ತಿಜೋರಿಗೆ ಎರಡು ಗೋಡೆ ಇರ್ತಾವ, ನಡುವ ಬೆಂಕಿ ತಡೆಯೋ ಪುಡಿ ತುಂಬಿರ್ತಾರ. ಲಿವರ್‌ಪೂಲಿನ ಮಿಲ್ನರ್‌ನಂಥ ಇಂಗ್ಲೆಂಡಿನ ಕಂಪನಿಗಳು ಪಟಿಕ ಮತ್ತ ಕಟ್ಟಿಗಿ ಹೊಟ್ಟು ತುಂಬ್ತಿದ್ದವು. ಪಟಿಕದ ತೂಕದಾಗ ಸುಮಾರು 45% ನೀರೇ. ಬೆಂಕಿ ಬಿದ್ದಾಗ ಆ ನೀರು ಹಬೆಯಾಗಿ ಹೊರಗ ಬಂದು ಒಳಗಿನ ಕಾಗದ ಉಳಿಸ್ತದ. ಆದರ ತೇವ ತಾಗಿದರ ಅದೇ ಪಟಿಕ ಹುಳಿಯಾಗಿ ತಗಡನ್ನ ಒಳಗಿಂದ ತಿಂತದ. ನಿಮ್ಮ ತಳದ ತುಕ್ಕು ಹೊರಗಿಂದ ಬಂದದ್ದೋ ಒಳಗಿಂದ ಬಂದದ್ದೋ ಅಂತ ಮೊದಲು ಬೆರಳಿಂದ ಒತ್ತಿ ನೋಡ್ರಿ. ತಗಡು ಒಳಗ ತಗ್ಗಿದರ ಬಣ್ಣದಿಂದ ಏನೂ ಆಗೂದಿಲ್ಲ, ಆ ತುಂಡು ಬದಲಿಸಬೇಕು.

ಕೆಲವು ತಿಜೋರಿಯಾಗ ಕಲ್ನಾರು, ಅಂದರ ಆಸ್ಬೆಸ್ಟಾಸ್, ತುಂಬಿದ್ದೂ ಅದ. ಕಣ್ಣಿಂದ ನೋಡಿ ತಿಳಿಯೂದಿಲ್ಲ. ಹಿಂಗಾಗಿ ಗೋಡೆಗೆ ತೂತು ಕೊರಿಬ್ಯಾಡ್ರಿ, ಪುಡಿಯನ್ನ ಕಸಬರಿಗಿಯಿಂದ ಗುಡಿಸಬ್ಯಾಡ್ರಿ. ಒದ್ದಿ ಬಟ್ಟೆಯಿಂದ ಒರೆಸಿ, ಬಟ್ಟೆ ಸಮೇತ ಪ್ಲಾಸ್ಟಿಕ್ ಚೀಲದಾಗ ಕಟ್ರಿ, ಸಂದಿಗೆ ಸೀಲಂಟ್ ಹಚ್ಚಿ ಮುಚ್ರಿ. ನೀರಿನ ಪೈಪು ಹಿಡಿದು ತೊಳೆಯೋ ಕೆಲಸ ಅಂತೂ ಬ್ಯಾಡೇ ಬ್ಯಾಡ. ಸ್ಯಾಂಡ್‌ಬ್ಲಾಸ್ಟಿಂಗೂ ಬ್ಯಾಡ: ಉಸುಕು ಬೀಗದೊಳಗ ಹೋಗ್ತದ, ಬಣ್ಣದಡಿ ಅಲಂಕಾರದ ಬಂಗಾರದ ಗೆರೆ ಇದ್ದರ ಅದೂ ಹಾಳಾಗ್ತದ.

ಹಳೆ ಬಣ್ಣದಾಗ ಸೀಸ ಅದ ಅಂತಲೇ ತಿಳಕೋರಿ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒಣಗ ತಿಕ್ಕಿದರ ಆ ಧೂಳು ಮನಿತುಂಬ. 120 ನಂಬರಿನ ವಾಟರ್ ಪೇಪರ್, ಅಂದರ ನೀರು ಹಚ್ಚಿ ತಿಕ್ಕೋ ಉಸುಕು ಕಾಗದದಿಂದ ಶುರು ಮಾಡಿ, ತೇವ ಮಾಡಿಕೋತ ತಿಕ್ರಿ, ಎನ್95 ಮಾಸ್ಕ್ ಹಾಕ್ರಿ, ಸಣ್ಣ ಮಕ್ಕಳನ್ನ, ಬಸುರಿಯರನ್ನ ಆ ಕೋಣಿಗೆ ಬಿಡಬ್ಯಾಡ್ರಿ. ಅದಕ್ಕೂ ಮೊದಲು ಬಾಗಿಲಿನ ಒಂದು ಮೂಲಿಯಾಗ ಎರಡಿಂಚು ಚೌಕ ಜಾಗ ಪದರ ಪದರ ಬಿಡಿಸಿ ನೋಡ್ರಿ. ಕೆಳಗ ಮೂಲ ಬಣ್ಣ, ಗೆರೆ ಚಲೋ ಉಳಿದಿದ್ದರ ಅದನ್ನ ಉಳಿಸೂದೇ ಛಲೋ ಕೆಲಸ. 100 ಗ್ರಾಂ ಜೇನುಮೇಣ, 300 ಎಂ.ಎಲ್. ಟರ್ಪೆಂಟೈನ್: ಮೇಣವನ್ನ ಬಿಸಿನೀರಿನ ಪಾತ್ರಿಯಾಗ ಇಟ್ಟ ಡಬ್ಬಿಯಾಗ ಕರಗಿಸಿ, ಒಲಿ ಆರಿಸಿ ದೂರ ತಂದ ಮ್ಯಾಲೆ ಟರ್ಪೆಂಟೈನ್ ಹಾಕ್ರಿ. ಇದನ್ನ ತೆಳ್ಳಗ ಹಚ್ಚಿ ಒರೆಸಿದರ ಹಳೆ ಬಣ್ಣಕ್ಕ ಆಳವಾದ ಹೊಳಪು ಬರ್ತದ. ಹೊಸ ಪೇಂಟಿಗೆ ಆ ಹೊಳಪು ಬರೂದಿಲ್ಲ.

ವಾಸ್ಕೋ, ಗೋವಾದಿಂದ:

ಹೊಸ ಬಣ್ಣವೇ ಬೇಕಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ. ಗಾಳಿಯ ತೇವಾಂಶ 85% ದಾಟಿದ ದಿನ ಪ್ರೈಮರ್ ಹೊಡೆಯಬಾರದು. ಸಮುದ್ರದ ಊರುಗಳಲ್ಲಿ ತುಕ್ಕಿನೊಳಗೆ ಉಪ್ಪು ಕೂತಿರುತ್ತದೆ; ತಿಕ್ಕಿದ ಮೇಲೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಇದನ್ನು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಬಣ್ಣದಡಿ ಗುಳ್ಳೆ ಏಳುತ್ತದೆ. ಉಳಿದ ಕಲೆಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ಬಾಟಲಿಯಲ್ಲಿ ಬರೆದಷ್ಟೇ ಹೊತ್ತು ಬಿಟ್ಟು ಒರೆಸಿ. ಅದೇ ದಿನ ಜಿಂಕ್ ಫಾಸ್ಫೇಟ್ ಪ್ರೈಮರ್, ತೆಳ್ಳಗೆ ಎರಡು ಕೋಟು. ಗುಂಡಿ ಬಿದ್ದಲ್ಲಿ ಪಾಲಿಯೆಸ್ಟರ್ ಪುಟ್ಟಿ, 100 ಗ್ರಾಂಗೆ ಹಾರ್ಡನರ್ 2 ಗ್ರಾಂ. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿ.

ನಿಮ್ಮ ಅಳತೆಯ ತಿಜೋರಿಗೆ ಎನಾಮೆಲ್ ಎರಡು ಕೋಟಿಗೆ ಸುಮಾರು 600 ಎಂ.ಎಲ್. ಹಿಡಿಯುತ್ತದೆ. ತೆಳುವಾಗಿಸಲು ಮಿನರಲ್ ಟರ್ಪೆಂಟೈನ್ ಮಾತ್ರ, ಎನ್.ಸಿ. (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್ ಹಾಕಿದರೆ ಕೆಳಗಿನ ಕೋಟು ಸುಕ್ಕುಗಟ್ಟಿ ಮೇಲೇಳುತ್ತದೆ. ಬಾಗಿಲು ಕೂರುವ ಚೌಕಟ್ಟಿಗೂ ಬೋಲ್ಟುಗಳಿಗೂ ಬಣ್ಣ ಬೇಡ. ಅಲ್ಲಿ ಸಂದು ಬಹಳ ಕಡಿಮೆ, ಎರಡು ಕೋಟಿನ ದಪ್ಪಕ್ಕೇ ಬಾಗಿಲು ಕಚ್ಚಿಕೊಳ್ಳುತ್ತದೆ. ಹಿತ್ತಾಳೆಯ ಹಿಡಿ, ಫಲಕಗಳನ್ನು ಬಿಚ್ಚಿಯೇ ಪೀತಾಂಬರಿಯಲ್ಲೋ ಹುಣಸೆಹಣ್ಣಿನಲ್ಲೋ ಉಜ್ಜಿ. ಹುಳಿ ಕಬ್ಬಿಣಕ್ಕೆ ಇಳಿದರೆ ಹೊಸ ತುಕ್ಕು.

ಮುಲುಂಡ್:

ಎಲ್ಲರಿಗೂ ಉಪಕಾರ. ತಳ ಒತ್ತಿ ನೋಡಿದೆ, ಗಟ್ಟಿ ಇದೆ. ಮೂರನೇ ಮಾಳಿಗೆಯ ಕೋಣೆಯಲ್ಲಿ ಎಲ್ಲಿ ಇಡುವುದು ಕ್ಷೇಮ?

ಠಾಣೆಯಿಂದ:

ಈ ಗಾತ್ರದ್ದು 300–400 ಕಿಲೋ ತೂಗಬಹುದು. ಮನೆಯ ನೆಲವನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ. ಆದ್ದರಿಂದ ಕೋಣೆಯ ನಡುವೆ ಬೇಡ, ತೊಲೆ ಇರುವ ಗೋಡೆಯ ಪಕ್ಕ ಇಡಿ. ಕೆಳಗೆ ಮೂರಡಿ ಚೌಕದ 18 ಎಂ.ಎಂ. ಪ್ಲೈವುಡ್ ಹಾಸಿದರೆ ಭಾರ ಹಂಚಿಹೋಗುತ್ತದೆ. ಹಳೆ ಚಾಳಿನ ಮರದ ತೊಲೆಯ ನೆಲವಾದರೆ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸದೆ ಇಡಲೇಬೇಡಿ. ಸರಿಸಲು ಒಂದಿಂಚಿನ ಜಿ.ಐ. ಪೈಪಿನ ನಾಲ್ಕು ತುಂಡು ಕೆಳಗಿಟ್ಟು ಹಾರೆಯಿಂದ ಮೀಟಿ. ಆಗ ಬಾಗಿಲು ಮುಚ್ಚಿ ಹಗ್ಗ ಕಟ್ಟಿರಬೇಕು, ಸರಿಸುವಾಗ ತೆರೆದ ಬಾಗಿಲಿನ ಭಾರಕ್ಕೆ ಇಡೀ ತಿಜೋರಿ ಮುಂದಕ್ಕೆ ಮಗುಚಬಹುದು. ಗೋಡೆಗೆ ಎರಡಿಂಚು ಜಾಗ ಬಿಡಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು 250 ಗ್ರಾಂ ಇಟ್ಟು, ಹರಳಿನ ಬಣ್ಣ ಬದಲಾದಾಗ 120 ಡಿಗ್ರಿ ಓವನ್ನಿನಲ್ಲಿ ಒಣಗಿಸಿ ಮತ್ತೆ ಇಡಿ.