ಪೈಥಾನ್‌ನಲ್ಲಿ ಸಮಯವನ್ನು ಹೇಗೆ ಬರೆದಿಡೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಪೈಥಾನ್ ಸ್ಕ್ರಿಪ್ಟ್ ಪ್ರತಿ ಕೆಲಸದ ಶುರು ಮತ್ತು ಕೊನೆಯ ಸಮಯವನ್ನು ಲಾಗ್ ಫೈಲ್‌ಗೆ ಬರೆಯುತ್ತದೆ. ಟೈಮ್ ಮಾಡ್ಯೂಲಿನ ಟೈಮ್ ಫಂಕ್ಷನ್ ಬಳಸಿದ್ದೇನೆ, ಅಂದರೆ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು. ಸಾಮಾನ್ಯವಾಗಿ ಲೆಕ್ಕ ಸರಿ ಬರುತ್ತದೆ. ಆದರೆ ಕೆಲವೊಮ್ಮೆ ಕೊನೆಯಿಂದ ಶುರುವನ್ನು ಕಳೆದರೆ ಉತ್ತರ ಮೈನಸ್! ನಡುವೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಯಂತ್ರದ ಗಡಿಯಾರವನ್ನು ಸರಿಪಡಿಸುವ ವ್ಯವಸ್ಥೆ) ಬಂದು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿರುತ್ತದೆ.

ಅದೇ ಮಾಡ್ಯೂಲಿನ ಮೊನೊಟಾನಿಕ್ ಫಂಕ್ಷನ್‌ನ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ, ನಿಜ. ಆದರೆ ಅದರ ಸಂಖ್ಯೆ ಎಲ್ಲಿಂದ ಶುರು ಅನ್ನೋದಕ್ಕೆ ನಿಯಮವೇ ಇಲ್ಲ. ತಾರೀಖಾಗಿ ಬದಲಾಯಿಸಲು ಆಗಲ್ಲ, ಯಂತ್ರ ರೀಸ್ಟಾರ್ಟ್ ಆದರೆ ಹಳೆಯ ಸಂಖ್ಯೆ ಸುಮ್ನೆ ಕಸ. ನನ್ನ ಕೆಲವು ಕೆಲಸಗಳು ರೀಸ್ಟಾರ್ಟ್ ದಾಟಿಯೂ ಮುಂದುವರಿಯುತ್ತವೆ, ತಲೆನೋವು ಅಲ್ಲೇ.

ಇನ್ನೊಂದು ಸಮಸ್ಯೆ. ಅದೇ ಲಾಗ್‌ಗೆ ಒಂದು ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಕೂಡ ಬರೆಯುತ್ತದೆ. ಅದು ಕೊಡೋದು ಮಿಲಿಸೆಕೆಂಡ್. 1700000000000 ಅನ್ನು ಹಾಗೇ ಪೈಥಾನ್‌ಗೆ ಕೊಟ್ಟರೆ 55 ಸಾವಿರದಾಚೆಯ ಯಾವುದೋ ವರ್ಷ ಅಂದುಕೊಂಡು ಎರರ್ ಎಸೆಯುತ್ತದೆ. ಸಾವಿರದಿಂದ ಭಾಗಿಸಿದರೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಪ್ರಕಾರ ಸರಿಯಾಗಿ 2023ರ ನವೆಂಬರ್ 14. ಇದನ್ನು ಹೇಗೋ ಸಂಭಾಳಿಸಬಹುದು, ಬಿಡಿ.

ನನ್ನ ಯೋಚನೆ: ತಾರೀಖನ್ನು ಯುಟಿಸಿಯಲ್ಲಿ, ಐಎಸ್ಒ 8601 ರೂಪದಲ್ಲಿ (ವರ್ಷ-ತಿಂಗಳು-ದಿನ ಕ್ರಮದ ಅಂತರರಾಷ್ಟ್ರೀಯ ಮಾದರಿ) ಬರೆಯೋದು, ಪಕ್ಕದಲ್ಲೇ ಮೊನೊಟಾನಿಕ್ ಸಂಖ್ಯೆಯನ್ನೂ ಇಡೋದು. ಇದು ಜಾಸ್ತಿ ಆಯ್ತಾ? ರೀಸ್ಟಾರ್ಟ್ ಆದಾಗ ಕಳೆದ ಸಮಯವನ್ನು ನೀವು ಹೇಗೆ ಲೆಕ್ಕ ಹಾಕುತ್ತೀರಿ? ಹೊರಗಿನ ಲೈಬ್ರರಿ ಇಲ್ಲದ ದಾರಿ ಇದ್ದರೆ ಒಳ್ಳೆಯದು.