ತುಂಗಭದ್ರೆಯ ಮೊಸಳೆಗೂ ಹಿಮಾಲಯದ ಹಾವಸೆಗೂ ಏನು ಹೋಲಿಕೆ?

ಗಂಗಾವತಿ ಮೇಷ್ಟ್ರು:
ಅಪಾಯದಲ್ಲಿರೋ ಎರಡು ಜೀವಿಗಳನ್ನು ಹೋಲಿಸಿ ಬರೆಯಿರಿ ಅಂತ ಒಂಬತ್ತನೇ ಕ್ಲಾಸಿನವರಿಗೆ ಹೇಳಿದ್ದೆ. ಒಬ್ಬ ಹುಡುಗಿ ನಮ್ಮ ಹೊಳೆಯ ಮೊಸಳೆ ಮತ್ತು ಟಕಾಕಿಯಾ ಅನ್ನೋ ಹಾವಸೆ ತಗೊಂಡಿದ್ದಾಳೆ. ಒಂದು ನಾಲ್ಕು ಮೀಟರ್ ಬೆಳೆಯುತ್ತೆ, ಇನ್ನೊಂದು ಒಂದು ಸೆಂಟಿಮೀಟರ್ ಆಸುಪಾಸು. ಯಾವುದನ್ನು ಇಟ್ಟುಕೊಂಡು ಹೋಲಿಸೋದು?

ಕಂಪ್ಲಿ ಹೊಳೆದಂಡೆ:
ಸರ್, ಗಾತ್ರ ಬಿಡಿ, ಅಪಾಯ ಎಲ್ಲಿಂದ ಬಂತು ಅಂತ ಬರೆಸಿ. ಮೊಸಳೆಯನ್ನು ಚರ್ಮಕ್ಕಾಗಿ ಕೊಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1975ರಲ್ಲಿ ಮೊಸಳೆ ಯೋಜನೆ ಶುರುವಾಯ್ತು, ಮೊಟ್ಟೆ ತಂದು ಮರಿ ಮಾಡಿ ನೀರಿಗೆ ಬಿಟ್ಟರು, ಅದರಿಂದ ಎಷ್ಟೋ ಕಡೆ ಸಂಖ್ಯೆ ಚೇತರಿಸಿತು. ನಮ್ಮಲ್ಲೇ ಡ್ಯಾಮಿನ ಕೆಳಗಿನಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅದೇ ನೀರಲ್ಲಿ ಮೊಸಳೆನೂ ಇದೆ. ಟಕಾಕಿಯಾಗೆ ಬೇಟೆಗಾರನೇ ಇಲ್ಲ. ಅದರ ಕುಲ ಸುಮಾರು 39 ಕೋಟಿ ವರ್ಷ ಹಳೆಯದು, ಹಿಮಾಲಯ ಹುಟ್ಟೋಕೂ ಮೊದಲಿಂದ ಇದೆ. ಟಿಬೆಟ್‌ನಲ್ಲಿ 4000 ಮೀಟರ್ ಮೇಲೆ ಹಿಮ, ಸುಡೋ ಬಿಸಿಲು ಎರಡನ್ನೂ ತಡೆದುಕೊಂಡು ಬದುಕಿದೆ. ಈಗ ಅಲ್ಲಿ ಬಿಸಿ ಏರ್ತಾ ಇದೆ, ಹಾವಸೆ ವರ್ಷಕ್ಕೆ ಶೇಕಡಾ 1.6ರಷ್ಟು ಕಡಿಮೆ ಆಗ್ತಿದೆ ಅಂತ 2023ರಲ್ಲಿ ವಿಜ್ಞಾನಿಗಳು ಬರೆದರು. ಕಾವಲು ಹಾಕಿ ತಡೆಯೋ ಅಪಾಯ ಅಲ್ಲ ಇದು.

ಗಂಗಾವತಿ ಮೇಷ್ಟ್ರು:
ಅಂದ್ರೆ ಮೊಸಳೆಗೆ ಬಿಸಿಯ ಚಿಂತೆ ಇಲ್ಲ ಅಂತ ಬರೆಯಬಹುದಾ?

ರಾಯಚೂರು ಕೃಷ್ಣೆ:
ಬೇಡ ಸರ್, ಅದು ತಪ್ಪಾಗುತ್ತೆ. ತಾಯಿ ಮೊಸಳೆ ಬೇಸಿಗೆ ಹೊತ್ತಿಗೆ ದಂಡೆಯ ಮರಳಲ್ಲಿ ಗುಂಡಿ ತೋಡಿ ಇಪ್ಪತ್ತು ಮೂವತ್ತು ಮೊಟ್ಟೆ ಇಟ್ಟು ಮುಚ್ಚುತ್ತೆ. ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡೋದು ಆ ಗೂಡಿನ ಬಿಸಿ. 28ರಿಂದ 31 ಡಿಗ್ರಿ ಒಳಗಿದ್ದರೆ ಎಲ್ಲಾ ಹೆಣ್ಣು, 32.5ರ ಹತ್ತಿರ ಎಲ್ಲಾ ಗಂಡು. ಒಂದೆರಡು ಡಿಗ್ರಿಯಲ್ಲೇ ಇಡೀ ಗೂಡಿನ ಲೆಕ್ಕ ತಿರುಗಿ ಹೋಗುತ್ತೆ. ಹಾವಸೆಯಂತೂ ಬಂಡೆ ಬಿಟ್ಟು ಕದಲೋ ಹಾಗಿಲ್ಲ. ಮೊಸಳೆ ತಂಪಾದ ಜಾಗ ನೋಡಿ ಗೂಡು ಮಾಡಬಹುದು, ಆದ್ರೆ ಅದಕ್ಕೆ ದಂಡೆಯಲ್ಲಿ ಮರಳು ಉಳಿದಿರಬೇಕಲ್ವಾ? ಮರಳು ತೆಗೆಯೋದನ್ನು ಆ ಹುಡುಗಿ ಖಂಡಿತ ಸೇರಿಸಲಿ, ಹೋಲಿಕೆಯ ಜೀವ ಇರೋದೇ ಅಲ್ಲಿ.

ಕಂಪ್ಲಿ ಹೊಳೆದಂಡೆ:
ಹೌದು. ಗೂಡು ನೋಡೋಕೆ ಅಂತ ಮಕ್ಕಳನ್ನು ದಂಡೆಗೆ ಮಾತ್ರ ಕಳಿಸಬೇಡಿ ಸರ್, ತಾಯಿ ಹತ್ತಿರದಲ್ಲೇ ಕಾಯ್ತಾ ಇರುತ್ತೆ. ಅರಣ್ಯ ಇಲಾಖೆಯವರನ್ನು ಕೇಳಿ, ದೂರದಿಂದ ತೋರಿಸಬಹುದು.