ಡಿಸ್ಕ್‌ನಲ್ಲಿ 35 ಜಿಬಿ ಖಾಲಿ ಇದ್ದರೂ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ದೋಷ ಬರುವುದೇಕೆ?

ಪ್ರಶ್ನೆ

ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ ಲಿನಕ್ಸ್ ಸರ್ವರ್ ಒಂದರಲ್ಲಿ 100 ಜಿಬಿಯ ಇಎಕ್ಸ್‌ಟಿ4 (ಲಿನಕ್ಸ್‌ನ ಒಂದು ಕಡತ ವ್ಯವಸ್ಥೆ) ಪಾರ್ಟಿಷನ್ ಇದೆ. ನಿನ್ನೆ ರಾತ್ರಿಯಿಂದ ಅದರಲ್ಲಿ ಯಾವ ಹೊಸ ಕಡತವನ್ನು ಸೃಷ್ಟಿಸಲು ಹೋದರೂ ಮೇಲಿನ ದೋಷ ಬರುತ್ತಿದೆ. ‘ಡಿಎಫ್’ ಆಜ್ಞೆ ಮಾತ್ರ ಒಟ್ಟು 98 ಜಿಬಿ, ಬಳಕೆಯಾದದ್ದು 58 ಜಿಬಿ, ಉಳಿದದ್ದು 35 ಜಿಬಿ ಎಂದು ತೋರಿಸುತ್ತಿದೆ. ಈ ಲೆಕ್ಕದಲ್ಲಿ 5 ಜಿಬಿ ಎಲ್ಲಿ ಹೋಯಿತೆಂಬುದೂ ನನಗೆ ತಿಳಿಯುತ್ತಿಲ್ಲ. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಪ್ರಯತ್ನಿಸಿದರೂ ಫಲ ಅದೇ. ಆದರೆ ಈಗಾಗಲೇ ಇರುವ ಲಾಗ್ ಕಡತಗಳಿಗೆ ಹೊಸ ಸಾಲುಗಳು ಯಾವ ಅಡ್ಡಿಯೂ ಇಲ್ಲದೆ ಸೇರುತ್ತಿವೆ. ಸ್ವಲ್ಪ ಜಾಗವಾಗಲೆಂದು 4 ಜಿಬಿಯ ಲಾಗ್ ಕಡತವೊಂದನ್ನು ಅಳಿಸಿದೆ. ಕಡತವು ಪಟ್ಟಿಯಿಂದ ಮರೆಯಾಯಿತು, ‘ಡಿಎಫ್’ ಅಂಕಿ ಮಾತ್ರ ಕದಲಲಿಲ್ಲ. ಡಿಸ್ಕ್ ಕೆಟ್ಟಿದೆಯೆಂದು ಭಾವಿಸಬೇಕೆ?

ಉತ್ತರ 1

ಡಿಸ್ಕ್ ಕೆಟ್ಟಿಲ್ಲ ಎಂದೇ ನನ್ನ ಅಭಿಪ್ರಾಯ. ಹಳೆಯ ಕಡತ ಬೆಳೆಯುತ್ತದೆ, ಹೊಸ ಕಡತ ಹುಟ್ಟುವುದಿಲ್ಲ ಎಂದು ನೀವು ಗಮನಿಸಿದ್ದೀರಲ್ಲ, ಕಾರಣದ ಸುಳಿವು ಅಲ್ಲೇ ಇದೆ. ಪ್ರತಿ ಕಡತಕ್ಕೂ ಒಂದು ಐನೋಡ್ ಬೇಕು. ಕಡತದ ಒಡೆತನ, ಅನುಮತಿ, ಗಾತ್ರ, ಸಮಯ ಮತ್ತು ದತ್ತಾಂಶ ಡಿಸ್ಕ್‌ನ ಯಾವ ಬ್ಲಾಕುಗಳಲ್ಲಿದೆ (ಜಾಗದ ಚಿಕ್ಕ ಘಟಕಗಳಲ್ಲಿದೆ) ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಇಎಕ್ಸ್‌ಟಿ4ನಲ್ಲಿ ಐನೋಡ್‌ಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಸಾಮಾನ್ಯ ಪೂರ್ವನಿಯೋಜಿತ ಪ್ರಮಾಣವು 16 ಕೆಬಿಗೆ ಒಂದು. ಅಂದರೆ ನಿಮ್ಮ 100 ಜಿಬಿಗೆ ಸುಮಾರು 65.5 ಲಕ್ಷ. ಚಿಕ್ಕ ಕಡತಗಳು ಲಕ್ಷಗಟ್ಟಲೆ ಸೇರಿದರೆ, ಬೈಟುಗಳು ಮುಗಿಯುವುದಕ್ಕಿಂತ ಮೊದಲೇ ಐನೋಡ್‌ಗಳು ಮುಗಿದುಹೋಗುತ್ತವೆ, ಮತ್ತು ಕರ್ನೆಲ್ (ಲಿನಕ್ಸ್‌ನ ತಿರುಳು) ಎರಡೂ ಸಂದರ್ಭಗಳಲ್ಲಿ 28ನೇ ಸಂಖ್ಯೆಯ ಒಂದೇ ದೋಷವನ್ನು ಮರಳಿಸುತ್ತದೆ. ‘ಡಿಎಫ್’ಗೆ ‘ಐ’ ಆಯ್ಕೆಯನ್ನು ಸೇರಿಸಿ ನೋಡಿ.

ಕಾಣದ 5 ಜಿಬಿ ಎಲ್ಲಿಯೂ ಹೋಗಿಲ್ಲ. ಇಎಕ್ಸ್‌ಟಿ4 ಪೂರ್ವನಿಯೋಜಿತವಾಗಿ ಶೇ. 5ರಷ್ಟು ಬ್ಲಾಕುಗಳನ್ನು ರೂಟ್‌ಗಾಗಿ ಕಾಯ್ದಿರಿಸುತ್ತದೆ. ಆ ಮೀಸಲು ಬ್ಲಾಕುಗಳಿಗೆ ಮಾತ್ರ ಅನ್ವಯಿಸುವುದರಿಂದ, ಐನೋಡ್ ಖಾಲಿಯಾದಾಗ ರೂಟ್‌ಗೂ ಅದರಿಂದ ನೆರವಾಗುವುದಿಲ್ಲ.

ಉತ್ತರ 2

ಅಳಿಸಿದ ಲಾಗ್ ಕಡತದ ವಿಷಯ ಬೇರೆಯೇ. ಕಡತವನ್ನು ಅಳಿಸಿದಾಗ ಹೋಗುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಅದನ್ನು ಇನ್ನೂ ತೆರೆದಿಟ್ಟುಕೊಂಡಿದ್ದರೆ, ಅದು ಮುಚ್ಚುವವರೆಗೆ ಕರ್ನೆಲ್ ಬ್ಲಾಕುಗಳನ್ನಾಗಲಿ ಐನೋಡನ್ನಾಗಲಿ ಬಿಡುಗಡೆ ಮಾಡುವುದಿಲ್ಲ. ಹೆಸರಿಲ್ಲದ ಕಡತವನ್ನು, ಡೈರೆಕ್ಟರಿಗಳಲ್ಲಿನ ಕಡತಗಳ ಗಾತ್ರ ಕೂಡಿಸುವ ‘ಡಿಯು’ ಆಜ್ಞೆ ಎಣಿಸದು, ‘ಡಿಎಫ್’ ಎಣಿಸುತ್ತದೆ. ಎರಡರ ಅಂಕಿಗಳ ನಡುವೆ ದೊಡ್ಡ ಅಂತರ ಕಂಡರೆ ನಾನು ಮೊದಲು ಶಂಕಿಸುವುದು ಇದನ್ನೇ. ‘ಎಲ್‌ಎಸ್‌ಓಎಫ್’ ಆಜ್ಞೆಗೆ ‘ಪ್ಲಸ್ ಎಲ್ 1’ ಆಯ್ಕೆ ಕೊಟ್ಟರೆ ಅಂತಹ ಕಡತಗಳೂ ಅವುಗಳನ್ನು ಹಿಡಿದಿರುವ ಪ್ರೋಸೆಸ್‌ಗಳೂ ಕಾಣುತ್ತವೆ. ಆ ಸೇವೆಯನ್ನು ಮರುಪ್ರಾರಂಭಿಸಿದರೆ 4 ಜಿಬಿ ಹಿಂದಿರುಗುತ್ತದೆ. ಬಳಕೆಯಲ್ಲಿರುವ ಲಾಗ್ ಅನ್ನು ಮುಂದೆ ಎಂದೂ ಅಳಿಸಬೇಡಿ, ಅದರ ಗಾತ್ರವನ್ನು ಸೊನ್ನೆಗೆ ಇಳಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವೆಬ್ ಸೇವೆಯನ್ನು ಮರುಪ್ರಾರಂಭಿಸಿದ ಕೂಡಲೇ 4 ಜಿಬಿ ಬಿಡುಗಡೆಯಾಯಿತು. ಅದರೊಂದಿಗೆ ಬಿಡುವಾದ ಐನೋಡ್ ಮರುಕ್ಷಣವೇ ಬಳಕೆಯಾಗಿ, 65,53,600 ಐನೋಡ್‌ಗಳಲ್ಲಿ ಈಗ ಒಂದೂ ಉಳಿದಿಲ್ಲ. ‘ಡಿಯು’ಗೆ ‘ಇನೋಡ್ಸ್’ ಆಯ್ಕೆ ಕೊಟ್ಟು ಹುಡುಕಿದಾಗ ಪಿಎಚ್‌ಪಿ ಸೆಷನ್ (ಜಾಲತಾಣದ ಬಳಕೆದಾರರ ಭೇಟಿಯ ತಾತ್ಕಾಲಿಕ ಮಾಹಿತಿ) ಡೈರೆಕ್ಟರಿಯೊಂದರಲ್ಲೇ ಸುಮಾರು 58 ಲಕ್ಷ ಕಡತಗಳಿರುವುದು ತಿಳಿಯಿತು. ಕಡತ ಅಳಿಸುವ ‘ಆರ್‌ಎಂ’ ಆಜ್ಞೆಯ ಜೊತೆ ನಕ್ಷತ್ರ ಚಿಹ್ನೆ ಬಳಸಿದರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎನ್ನುತ್ತದೆ. ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಕೊಟ್ಟರೆ ಬಹಳ ಹೊತ್ತು ಉತ್ತರವೇ ಬರುವುದಿಲ್ಲ.

ಉತ್ತರ 1 ನೀಡಿದವರು

ನಕ್ಷತ್ರ ಚಿಹ್ನೆಯನ್ನು ಶೆಲ್ (ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಎಲ್ಲ ಹೆಸರುಗಳಾಗಿ ಬಿಡಿಸುತ್ತದೆ, ಮತ್ತು ಅಷ್ಟು ಉದ್ದದ ಪಟ್ಟಿಯನ್ನು ಹೊಸ ಪ್ರೋಸೆಸ್‌ಗೆ ಒಪ್ಪಿಸಲು ಕರ್ನೆಲ್ ಬಿಡುವುದಿಲ್ಲ. ‘ಎಲ್‌ಎಸ್’ ಎಲ್ಲ ಹೆಸರುಗಳನ್ನೂ ಓದಿ ಅಕಾರಾದಿಯಾಗಿ ಜೋಡಿಸಿದ ಮೇಲೆಯೇ ಮೊದಲ ಸಾಲನ್ನು ತೋರಿಸುತ್ತದೆ. ‘ಫೈಂಡ್’ ಆಜ್ಞೆಗೆ ಈ ಎರಡೂ ತೊಡಕುಗಳಿಲ್ಲ. ಸಾಮಾನ್ಯ ಕಡತಗಳನ್ನು ಮಾತ್ರ, ಅವುಗಳಲ್ಲೂ ಒಂದೆರಡು ದಿನಗಳಿಂದ ಬದಲಾಗದವುಗಳನ್ನು ಮಾತ್ರ ಆರಿಸುವ ಷರತ್ತುಗಳನ್ನು ಕೊಟ್ಟು, ಕೊನೆಯಲ್ಲಿ ‘ಡಿಲೀಟ್’ ಸೇರಿಸಿ. ದಯವಿಟ್ಟು ಈ ಕ್ರಮವನ್ನು ತಪ್ಪಿಸಬೇಡಿ: ‘ಡಿಲೀಟ್’ ಅನ್ನು ಷರತ್ತುಗಳಿಗಿಂತ ಮೊದಲು ಬರೆದರೆ ಆ ಡೈರೆಕ್ಟರಿಯಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ, ಈ ಕ್ಷಣ ಲಾಗಿನ್ ಆಗಿರುವ ಬಳಕೆದಾರರ ಸೆಷನ್‌ಗಳೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ‘ಡಿಲೀಟ್’ ಇಲ್ಲದೆ ಓಡಿಸಿ, ಬರುವ ಪಟ್ಟಿಯ ಮೊದಲ ಕೆಲವು ಸಾಲುಗಳನ್ನು ಕಣ್ಣಾರೆ ನೋಡಿ ಮುಂದುವರಿಯಿರಿ.

ಅಷ್ಟು ಕಡತಗಳನ್ನು ಅಳಿಸಿದ ಮೇಲೂ ಡೈರೆಕ್ಟರಿಯ ಸ್ವಂತ ಗಾತ್ರ ಇಎಕ್ಸ್‌ಟಿ4ನಲ್ಲಿ ಕುಗ್ಗುವುದಿಲ್ಲ. ಅದನ್ನು ಓದುವುದು ನಿಧಾನವಾಗಿಯೇ ಉಳಿದರೆ, ಅದೇ ಒಡೆತನ ಮತ್ತು ಅನುಮತಿಗಳೊಂದಿಗೆ ಡೈರೆಕ್ಟರಿಯನ್ನು ಹೊಸದಾಗಿ ರಚಿಸುವುದು ಒಳ್ಳೆಯದು.

ಉತ್ತರ 3

ಕಡತಗಳ ಸಂಖ್ಯೆ ಇಷ್ಟು ಬೆಳೆಯಲು ಕಾರಣವೇನೆಂದು ಹುಡುಕದಿದ್ದರೆ ಇದೇ ದೋಷ ಮತ್ತೆ ಬರುತ್ತದೆ. ಹಳೆಯ ಸೆಷನ್‌ಗಳನ್ನು ತೆಗೆಯಬೇಕಾದ ಕ್ರಾನ್ ಕೆಲಸ (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) ನಿಂತಿದೆಯೇ, ಅಥವಾ ಸೆಷನ್ ಡೈರೆಕ್ಟರಿಯ ಸ್ಥಳ ಬದಲಾಗಿ ಆ ಕೆಲಸ ಹಳೆಯ ಜಾಗವನ್ನೇ ಶುಚಿಗೊಳಿಸುತ್ತಿದೆಯೇ ನೋಡಿ. ಚಿಕ್ಕ ಕಡತಗಳು ನಿಜವಾಗಿಯೂ ಅಷ್ಟು ಬೇಕಿದ್ದರೆ ಪಾರ್ಟಿಷನ್ ಹಿಗ್ಗಿಸಬಹುದು. ಆಗ ಐನೋಡ್‌ಗಳೂ ಅದೇ ಅನುಪಾತದಲ್ಲಿ ಹೆಚ್ಚುತ್ತವೆ. ಅನುಪಾತವನ್ನೇ ಬದಲಿಸಬೇಕಾದರೆ ಮರಳಿ ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ. ಐನೋಡ್‌ಗಳನ್ನು ಬೇಕಾದಂತೆ ಹಂಚಿಕೊಳ್ಳುವ ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗೆ ಹೋಗುವುದನ್ನು ನಾನಾದರೆ ಆಗ ಪರಿಗಣಿಸುತ್ತೇನೆ.

ಪ್ರಶ್ನೆ ಕೇಳಿದವರು

ಉತ್ತರ 3ರಲ್ಲಿ ಹೇಳಿದಂತೆಯೇ ಆಗಿತ್ತು. ಸೆಷನ್‌ಗಳ ಸ್ಥಳವನ್ನು ಬದಲಿಸಿದ್ದವನು ನಾನೇ. ಕ್ರಾನ್ ಕೆಲಸ ಹಳೆಯ ಡೈರೆಕ್ಟರಿಯನ್ನೇ ನೋಡುತ್ತಿತ್ತು. ‘ಫೈಂಡ್’ ಕೆಲಸ ಮುಗಿದಿದೆ, ಐನೋಡ್ ಬಳಕೆ ಶೇ. 12ಕ್ಕೆ ಇಳಿದಿದೆ, ಹೊಸ ಕಡತಗಳು ಸೃಷ್ಟಿಯಾಗುತ್ತಿವೆ. ಬೈಟುಗಳ ಎಚ್ಚರಿಕೆಯ ಜೊತೆಗೆ ಐನೋಡ್ ಬಳಕೆ ಶೇ. 80 ದಾಟಿದರೂ ಸಂದೇಶ ಬರುವಂತೆ ಇಂದು ಹೊಂದಿಸಿದ್ದೇನೆ.